ಮ್ಯಾಂಡರಿನ್ ಮಾತಾಡೋ ಹುಡುಗನಿಗೆ ಇಂಗ್ಲಿಷ್ ಓದು, ಗ್ರಾಮರ್: ಎಲ್ಲಿಂದ ಹಿಡಿಯೋದು?

ಕುಶಾಲನಗರ_ಟ್ಯೂಷನ್:

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋದು ಗೊತ್ತು. ಈಗ ಬರ್ತಿರೋ ಹುಡುಗ ತೈವಾನಿನವನು, ಹದಿನೇಳು ವರ್ಷ, ಮನೆಮಾತು ಮ್ಯಾಂಡರಿನ್. ಮುಂದಿನ ವರ್ಷ ಐಇಎಲ್‌ಟಿಎಸ್ ಅಕಾಡೆಮಿಕ್ (ಹೊರದೇಶದ ಕಾಲೇಜಿಗೆ ಸೇರೋರು ಬರೆಯೋ ಇಂಗ್ಲಿಷ್ ಪರೀಕ್ಷೆ) ಬರೀಬೇಕು. ವಾರಕ್ಕೆ ನಾಲ್ಕು ದಿನ, ದಿನಕ್ಕೊಂದು ಗಂಟೆ.

ಗ್ರಾಮರ್ ರೂಲ್ ಕೇಳಿದ್ರೆ ಟಕ್ಕಂತ ಹೇಳ್ತಾನೆ. ನಾಲ್ಕರಲ್ಲಿ ಒಂದನ್ನು ಆರಿಸೋ ಪ್ರಶ್ನೆ ಕೊಟ್ರೆ ಹೆಚ್ಚುಕಮ್ಮಿ ಪೂರ್ತಿ ಮಾರ್ಕ್ಸು. ಅದೇ ಹುಡುಗ ಹತ್ತು ಸಾಲು ಬರೆಯೋಕೆ ಕೂತ್ರೆ "ಯೆಸ್ಟರ್ಡೇ ಐ ಗೋ ಟು ಮಡಿಕೇರಿ ವಿತ್ ಮೈ ಟೂ ಫ್ರೆಂಡ್" ಅಂತ ಬರೀತಾನೆ. ಓದೋವಾಗ ಪ್ರತಿ ಪದದ ಮೇಲೂ ಪೆನ್ಸಿಲಿನಲ್ಲಿ ಚೀನಿ ಅಕ್ಷರ. ಎರಡು ಸಾಲು ದಾಟಿದ ವಾಕ್ಯ ಬಂದ್ರೆ ಎಲ್ಲ ಪದ ಗೊತ್ತಿದ್ರೂ ಅರ್ಥ ಆಗಲ್ಲ ಅಂತಾನೆ.

ಯಾವುದನ್ನು ಮೊದಲು ತಿದ್ದಬೇಕು? ಓದಿಗೆ ಎಂಥ ಅಭ್ಯಾಸ ಕೊಡಬೇಕು? ಮಳೆಗಾಲದಲ್ಲಿ ಇಲ್ಲಿ ಕರೆಂಟೂ ಇಲ್ಲ ನೆಟ್ಟೂ ಇಲ್ಲ, ಹಾಗಾಗಿ ಕಾಗದದ ಮೇಲೆ ಆಗೋ ಥರ ಹೇಳಿ.

ವಿರಾಜಪೇಟೆ_ಮೇಷ್ಟ್ರು:

ಮೇಡಂ, ರೂಲ್ ಮತ್ತೆ ಹೇಳಿಕೊಡೋದನ್ನ ನಿಲ್ಲಿಸಿಬಿಡಿ. ಅವನಿಗೆ ರೂಲ್ ಗೊತ್ತಿದೆ, ಕೈಗೆ ಬಂದಿಲ್ಲ ಅಷ್ಟೆ. ಮಲ್ಟಿಪಲ್ ಚಾಯ್ಸಿನಲ್ಲಿ ಸರಿ ಉತ್ತರ ಕಣ್ಣೆದುರಿಗೇ ಇರುತ್ತೆ, ಗುರುತು ಹಿಡಿದ್ರೆ ಸಾಕು. ಬರೆಯೋವಾಗ "ಇಲ್ಲಿ ಏನೋ ಒಂದು ಬೇಕು" ಅನ್ನೋದೇ ಅವನಿಗೆ ಹೊಳೀಬೇಕು. ಮ್ಯಾಂಡರಿನ್‌ನಲ್ಲಿ ಕ್ರಿಯಾಪದ ಯಾವತ್ತೂ ರೂಪ ಬದಲಿಸಲ್ಲ. ನಿನ್ನೆ, ನಾಳೆ ಅಂತ ಒಂದು ಸಲ ಹೇಳಿದ್ರೆ ಕಾಲದ ಕಥೆ ಮುಗೀತು. ಅಲ್ಲಿ "ಲ" ಅಂತ ಒಂದು ಪ್ರತ್ಯಯದಂಥದ್ದು ಇದೆ, ಆದ್ರೆ ಅದು ಕೆಲಸ ಮುಗಿದದ್ದನ್ನು ಹೇಳುತ್ತೆ, ಭೂತಕಾಲವನ್ನಲ್ಲ. ಅದಕ್ಕೇ ನೋಡಿ, "ಬಾಟ್", "ಬ್ರೋಕ್" ಥರದ್ದನ್ನು ಸರಿಯಾಗಿ ಬರೆಯೋ ಹುಡುಗ "ವೆನ್ ಐ ವಾಸ್ ಎ ಚೈಲ್ಡ್, ಐ ಲೈಕ್ ರೈನ್" ಅಂತಾನೆ. ಇಷ್ಟಪಡೋದು ಮುಗಿಯೋ ಕೆಲಸ ಅಲ್ವಲ್ಲ, ಅವನ ಭಾಷೆಯಲ್ಲಿ ಅಲ್ಲಿ "ಲ" ಬರಲ್ಲ, ಇಂಗ್ಲಿಷಿನಲ್ಲೂ "-ಎಡ್" ಬಿಟ್ಟುಹೋಗುತ್ತೆ.

ಇದಕ್ಕೆ ಮಾಡಿಸಬೇಕಾದ್ದು ಹೀಗೆ. ಅವನೇ ಬರೆದ 120 ಪದದ ಪ್ಯಾರಾ ತಗೊಳ್ಳಿ. ಮೊದಲ ಸುತ್ತಿನಲ್ಲಿ ಕ್ರಿಯಾಪದಗಳಿಗೆ ಮಾತ್ರ ಅಡಿಗೆರೆ, ಬೇರೇನೂ ಮುಟ್ಟಕೂಡದು. ಪ್ರತಿ ಗೆರೆಯ ಪಕ್ಕದ ಮಾರ್ಜಿನ್‌ನಲ್ಲಿ "ಯಾವಾಗ?" ಅನ್ನೋದಕ್ಕೆ ಉತ್ತರವಾಗಿ ಆಗ, ಈಗ, ಯಾವಾಗಲೂ ಇವುಗಳಲ್ಲಿ ಒಂದನ್ನು ಬರೀಲಿ. ಎರಡನೇ ಸುತ್ತಿನಲ್ಲಿ ರೂಪ ತಿದ್ದಲಿ. ಮೂರನೇ ಸುತ್ತಿನಲ್ಲಿ ಸಂಖ್ಯೆ, "ಮೆನಿ", "ಸಮ್", "ಒನ್ ಆಫ್" ಇವುಗಳ ಮುಂದಿನ ನಾಮಪದ ಮಾತ್ರ ನೋಡಲಿ. "ಟೂ ಫ್ರೆಂಡ್" ಬರೋದು ಯಾಕೆ ಅಂತ ನಮಗೆ ಗೊತ್ತಾಗಬೇಕು, ನಾವೂ "ಎರಡು ಪುಸ್ತಕ" ಅಂತಲೇ ಅಲ್ವಾ ಅನ್ನೋದು. ಎರಡು ಅಂದ ಮೇಲೆ ಬಹುವಚನ ಯಾಕೆ ಅನ್ನೋದು ಅವನ ಭಾಷೆಯ ಲೆಕ್ಕ.

ಒಂದೇ ಸಲಕ್ಕೆ ಎಲ್ಲ ತಪ್ಪಿಗೂ ಕೆಂಪು ಗೀರು ಹಾಕಬೇಡಿ. ಪುಟ ತುಂಬ ಕೆಂಪಾದ್ರೆ ಹುಡುಗ ಸರಿ ಕಾಪಿ ಮಾಡಿ ಕೊಡ್ತಾನೆ, ಮರುದಿನ ಅದೇ ತಪ್ಪು. ಮೊದಲ ಎರಡು ವಾರ ಕ್ರಿಯಾಪದದ ಕಾಲವನ್ನು ಮಾತ್ರ ತಿದ್ದಿ, ಆಮೇಲೆ ಬಹುವಚನ ಮತ್ತು "ಹಿ ಗೋಸ್"ನ ಕೊನೆಯ ಎಸ್, ಆರ್ಟಿಕಲ್ ಕೊನೆಗೆ. ಆರ್ಟಿಕಲ್ ಕೂಡಲೇ ಸರಿಹೋಗಲ್ಲ, ಅದರಿಂದ ಅರ್ಥವೂ ಅಷ್ಟಾಗಿ ಕೆಡಲ್ಲ.

ಇನ್ನೊಂದು, ತಪ್ಪಿನ ಅರ್ಧ ಬೇರು ಬಾಯಲ್ಲಿದೆ. ಮ್ಯಾಂಡರಿನ್ ಅಕ್ಷರಗಳು ಸ್ವರದಲ್ಲೋ ಮೂಗಿನ "ನ್", "ಙ್"ನಲ್ಲೋ ಮುಗೀತವೆ, ಅಪರೂಪಕ್ಕೆ ಒಂದು "ರ್". "ಪಿಕ್ಟ್", "ವಾಷ್ಟ್" ಥರ ವ್ಯಂಜನ ಒತ್ತಿಕೊಂಡು ನಿಲ್ಲೋ ಶಬ್ದ ಅಲ್ಲಿಲ್ಲ. ಬಾಯಿಗೆ ಬಾರದ್ದು ಬರವಣಿಗೆಯಲ್ಲೂ ಬಿಟ್ಟುಹೋಗುತ್ತೆ. ಮುಂದೆ ಸ್ವರ ಬರೋ ಹಾಗೆ ಜೋಡಿಸಿ ಓದಿಸಿ: "ಪಿಕ್ಡ್ ಅಪ್" ಅನ್ನೋದನ್ನ "ಪಿಕ್-ಟಪ್" ಅಂತ, "ವಾಷ್ಡ್ ಇಟ್" ಅನ್ನೋದನ್ನ "ವಾಷ್-ಟಿಟ್" ಅಂತ. ದಿನಕ್ಕೆ ಐದು ನಿಮಿಷ, ಎಂಟು ವಾಕ್ಯ ಸಾಕು. ನೀವು ಮಾದರಿ ಓದೋವಾಗ ನಮ್ಮವರ ಥರ ಕೊನೆಗೆ "ಉ" ಸೇರಿಸಬೇಡಿ ಮತ್ತೆ!

ಸೋಮವಾರಪೇಟೆ_ಕಾಫಿಕಣ:

ಗ್ರಾಮರ್ ಬಗ್ಗೆ ಮೇಷ್ಟ್ರು ಹೇಳಿದ್ದಕ್ಕೆ ಸೈ. ನಾನು ಓದಿನ ಬಗ್ಗೆ ಹೇಳ್ತೀನಿ, ಅದರಲ್ಲೂ ಉದ್ದ ವಾಕ್ಯದ ಬಗ್ಗೆ.

ಈ ವಾಕ್ಯ ಬೋರ್ಡಿನ ಮೇಲೆ ಬರೀರಿ: "ದ ಬೀನ್ಸ್ ದಟ್ ದ ವರ್ಕರ್ಸ್ ಹೂ ಕೇಮ್ ಫ್ರಮ್ ಹುಣಸೂರು ಪಿಕ್ಡ್ ಲಾಸ್ಟ್ ವೀಕ್ ಆರ್ ಡ್ರೈಯಿಂಗ್ ಇನ್ ದ ಯಾರ್ಡ್." ಕನ್ನಡದಲ್ಲಿ ನಾವು "ಹುಣಸೂರಿಂದ ಬಂದ ಕೆಲಸದವರು ಹೋದ ವಾರ ಕುಯ್ದ ಕಾಫಿ ಕಣದಲ್ಲಿ ಒಣಗ್ತಿದೆ" ಅಂತೀವಿ. ವರ್ಣನೆ ಎಲ್ಲ ಮೊದಲು, ಕಾಫಿ ಆಮೇಲೆ. ಮ್ಯಾಂಡರಿನ್ನೂ ಇದರಲ್ಲಿ ನಮ್ಮ ಕಡೆಯೇ, ವರ್ಣನೆ ಮುಗಿಸಿ "ತ" ಅಂತ ಒಂದು ಕೊಂಡಿ ಹಾಕಿ ಆಮೇಲೆ ನಾಮಪದ ಹೇಳುತ್ತೆ. ಇಂಗ್ಲಿಷಿನಲ್ಲಿ ನಾಮಪದ ಮೊದಲೇ ಬಂದು ಕೂತಿರುತ್ತೆ, ಬಾಲ ಹಿಂದಿನಿಂದ ಬರುತ್ತೆ. "ಆರ್ ಡ್ರೈಯಿಂಗ್" ಮುಟ್ಟೋ ಹೊತ್ತಿಗೆ ಒಣಗ್ತಿರೋದು ಯಾವುದು ಅನ್ನೋದೇ ಮರೆತುಹೋಗಿರುತ್ತೆ. ಆದ್ರಿಂದ ಇದನ್ನು ಹೇಳಿಕೊಡೋಕೆ ಇಂಗ್ಲಿಷ್ ಮನೆಮಾತಿನವರಿಗಿಂತ ನೀವೇ ವಾಸಿ.

ಹೆಜ್ಜೆಗಳು: ಮೊದಲು ಕಾಲ ತೋರಿಸೋ ಕ್ರಿಯಾಪದಗಳನ್ನೆಲ್ಲ ಹುಡುಕಿ ಸುತ್ತು ಹಾಕಿಸಿ. ಇಲ್ಲಿ ಮೂರಿವೆ, "ಕೇಮ್", "ಪಿಕ್ಡ್", "ಆರ್ ಡ್ರೈಯಿಂಗ್". ಮೂರು ಇದ್ರೆ ಕೊಂಡಿ ಎರಡು ಇರಬೇಕು, ಹುಡುಕಲಿ: "ದಟ್", "ಹೂ". ಒಳಗಿನ ಕೊಂಡಿಯಿಂದ ಶುರು ಮಾಡಿ ಕಂಸ ಹಾಕಲಿ, ಆಮೇಲೆ ಹೊರಗಿನದ್ದಕ್ಕೆ. ಕಂಸದ ಹೊರಗೆ ಉಳಿದದ್ದನ್ನು ಮಾತ್ರ ಜೋರಾಗಿ ಓದಲಿ, "ದ ಬೀನ್ಸ್ ಆರ್ ಡ್ರೈಯಿಂಗ್ ಇನ್ ದ ಯಾರ್ಡ್". ಅದು ಅರ್ಥ ಆದ ಮೇಲೇ ಕಂಸದ ಒಳಗಿನದ್ದು.

ಕೆಡೋದು ಎಲ್ಲಿ ಅಂದ್ರೆ ಕೊಂಡಿಯನ್ನೇ ನುಂಗಿದ ವಾಕ್ಯದಲ್ಲಿ. "ದ ಬೀನ್ಸ್ ಪಿಕ್ಡ್ ಲಾಸ್ಟ್ ವೀಕ್ ಆರ್ ಡ್ರೈಯಿಂಗ್" ಅಂದ್ರೆ ಹುಡುಗ "ಪಿಕ್ಡ್" ಅನ್ನೋದನ್ನೇ ಮುಖ್ಯ ಕ್ರಿಯಾಪದ ಅಂದ್ಕೋತಾನೆ, ಬೀಜವೇ ಏನನ್ನೋ ಕುಯ್ತು ಅನ್ನೋ ಹಾಗೆ! "ಪಿಕ್ಡ್"ಗಿಂತ ಮೊದಲು "ದಟ್ ವರ್" ಸೇರಿಸಿ ನೋಡೋಕೆ ಹೇಳಿ. ಸೇರಿಸಿದ್ರೂ ವಾಕ್ಯ ನಿಂತ್ರೆ ಅದು ಬಾಲ, ಕಂಸಕ್ಕೆ ಹೋಗಲಿ. ದಿನಕ್ಕೆ ಇಂಥ ಆರು ವಾಕ್ಯ, ಮೂರರಲ್ಲಿ ಕೊಂಡಿ ಇರಲಿ, ಮೂರರಲ್ಲಿ ಬೇಡ.

ಇದೇ ಗಂಟು ಬರವಣಿಗೆಯಲ್ಲಿ ತಿರುಗಿ ಬರುತ್ತೆ. "ದೇರ್ ಆರ್ ಮೆನಿ ಪೀಪಲ್ ಲೈಕ್ ಕಾಫಿ" ಅಂತ ಖಂಡಿತ ಬರೆದಿರ್ತಾನೆ, ಹುಡುಕಿ ನೋಡಿ. ಮ್ಯಾಂಡರಿನ್‌ನಲ್ಲಿ ಆ ಜೋಡಣೆ ಸರಿ. ಒಂದೋ "ದೇರ್ ಆರ್" ತೆಗೀಬೇಕು, ಇಲ್ಲಾ "ಹೂ" ಹಾಕಬೇಕು.

ಪದದ ಮೇಲೆ ಚೀನಿ ಅಕ್ಷರ ಬರೆಯೋದನ್ನ ಇವತ್ತೇ ನಿಲ್ಲಿಸಿ. ಕಣ್ಣು ಮುಂದಿನ ಸಲ ಇಂಗ್ಲಿಷ್ ಪದವನ್ನು ನೋಡೋದೇ ಇಲ್ಲ, ಸೀದಾ ಮೇಲಿನ ಅಕ್ಷರಕ್ಕೆ ಹಾರುತ್ತೆ. ಗೊತ್ತಿಲ್ಲದ ಪದದ ಕೆಳಗೆ ಒಂದು ಚುಕ್ಕೆ ಇಟ್ಟು ಮುಂದೆ ಹೋಗಲಿ. ಪುಟ ಮುಗಿದ ಮೇಲೆ ಚುಕ್ಕೆ ಎಣಿಸಿ. 300 ಪದದ ಪುಟದಲ್ಲಿ ಆರರ ಒಳಗಿದ್ರೆ ಅದು ಓದಿಕೊಂಡು ಹೋಗೋ ಪಠ್ಯ. ಹದಿನೈದು ದಾಟಿದ್ರೆ ಅದನ್ನು ಒಬ್ಬನೇ ಓದೋಕೆ ಕೊಡಬೇಡಿ, ಜೊತೆಯಲ್ಲಿ ಕೂತು ವಾಕ್ಯ ಬಿಡಿಸೋಕೆ ಇಟ್ಕೊಳ್ಳಿ. ಡಿಕ್ಷನರಿಯಲ್ಲಿ ನೋಡೋದು ಚುಕ್ಕೆ ಇಟ್ಟವುಗಳಲ್ಲಿ ಐದನ್ನು ಮಾತ್ರ, ಎರಡು ಸಲ ಬಂದದ್ದು ಅಥವಾ ಪ್ಯಾರಾದ ಮೊದಲ ವಾಕ್ಯದಲ್ಲಿದ್ದದ್ದು. ಪದ ಒಂದನ್ನೇ ಬರ್ಕೊಳ್ಳೋದು ಬೇಡ, ಅದಿದ್ದ ಇಡೀ ವಾಕ್ಯ ನೋಟ್ ಬುಕ್ಕಿಗೆ.

ಕುಶಾಲನಗರ_ಟ್ಯೂಷನ್:

ಇಬ್ಬರಿಗೂ ಥ್ಯಾಂಕ್ಸ್. "ದೇರ್ ಆರ್ ಮೆನಿ ಪೀಪಲ್" ನೋಟ್ ಬುಕ್ಕಿನಲ್ಲಿ ನಾಲ್ಕು ಕಡೆ ಸಿಕ್ತು! ಇನ್ನೂ ಮೂರು ಸಂಶಯ ಇವೆ. ಆರ್ಟಿಕಲ್ ಕೊನೆಗೆ ಅಂದ್ರಿ, ಆ ಕೊನೆ ಬಂದಾಗ ಹೇಗೆ ಮಾಡಿಸೋದು? ಟ್ರೂ-ಫಾಲ್ಸ್-ನಾಟ್ ಗಿವನ್ ಪ್ರಶ್ನೆಯಲ್ಲಿ ಯಾವಾಗಲೂ ಫಾಲ್ಸ್ ಅಂತಲೇ ಹಾಕ್ತಾನೆ. ಅಭ್ಯಾಸಕ್ಕೆ ಇಲ್ಲಿ ಸಿಗೋ ಇಂಗ್ಲಿಷ್ ಪೇಪರ್ ಕೊಡಬಹುದಾ?

ಗೋಣಿಕೊಪ್ಪ_ಓದುಗ:

ಪೇಪರ್ ಕೊಡಿ, ಆದ್ರೆ ಹೆಡ್‌ಲೈನ್ ಕತ್ತರಿಸಿ ಕೊಡಿ. ಹೆಡ್‌ಲೈನಿನಲ್ಲಿ ಜಾಗ ಉಳಿಸೋಕೆ "ಎ", "ದ" ಎಲ್ಲ ಬಿಟ್ಟಿರ್ತಾರೆ, ಆಗಿಹೋದದ್ದನ್ನೂ ವರ್ತಮಾನದಲ್ಲಿ ಬರೀತಾರೆ. ನಿಮ್ಮ ಹುಡುಗ ಮಾಡೋ ತಪ್ಪೇ ಅಲ್ಲಿ ಅಚ್ಚಾಗಿರುತ್ತೆ.

ಆರ್ಟಿಕಲ್‌ಗೆ 150 ಪದದ ಪ್ಯಾರಾ ಆರಿಸಿ, "ಎ", "ಆನ್", "ದ" ಅಳಿಸಿ ಗೆರೆ ಎಳೀರಿ. ಏನೂ ಬೇಡದ ಕಡೆಯೂ ಐದಾರು ಗೆರೆ ಇಡಿ, ಇದನ್ನು ಮರೀಬೇಡಿ. ಬೇಕಾದ ಕಡೆ ಮಾತ್ರ ಗೆರೆ ಇಟ್ರೆ ಅವನು ಖಾಲಿ ಬಿಡೋದು ಕಲಿಯಲ್ಲ, ಒಂದು ತಿಂಗಳಲ್ಲಿ "ದ ನೇಚರ್", "ದ ಸೊಸೈಟಿ" ಅಂತ ಸಿಕ್ಕಲ್ಲೆಲ್ಲ ಹಾಕೋಕೆ ಶುರು ಮಾಡ್ತಾನೆ. ಪ್ರತಿ ಗೆರೆಗೂ ಎರಡೇ ಪ್ರಶ್ನೆ. ಓದುವವನಿಗೆ ಯಾವುದು ಅಂತ ಗೊತ್ತಾ? ಗೊತ್ತಿದ್ರೆ "ದ". ಗೊತ್ತಿಲ್ಲ ಅಂದ್ರೆ, ಎಣಿಸೋಕೆ ಬರೋ ಒಂದಾ? ಹೌದಾದ್ರೆ "ಎ", ಇಲ್ಲಾಂದ್ರೆ ಖಾಲಿ. ಊರು, ನದಿಗಳ ಹೆಸರಿಗೆ ಈ ಲೆಕ್ಕ ನಡೆಯಲ್ಲ, ಅವನ್ನು ಆಮೇಲೆ ಬೇರೆ ಪಟ್ಟಿ ಮಾಡಿ.

"ಎ ಜೀಪ್ ಸ್ಟಾಪ್ಡ್ ಅಟ್ ದ ಗೇಟ್. ದ ಡ್ರೈವರ್ ಗಾಟ್ ಔಟ್." ಡ್ರೈವರ್ ಮೊದಲ ಸಲವೇ ಬಂದದ್ದು, ಆದ್ರೂ "ದ" ಯಾಕೆ ಅಂತ ಕೇಳಿ. ಜೀಪಿದ್ದ ಮೇಲೆ ಅದಕ್ಕೊಬ್ಬ ಡ್ರೈವರ್ ಇದ್ದೇ ಇರ್ತಾನೆ, ಯಾರು ಅಂತ ಓದುವವನಿಗೆ ಆಗಲೇ ಗೊತ್ತು. "ಎರಡನೇ ಸಲ ಬಂದ್ರೆ ದ" ಅಂತ ಉರು ಹೊಡೆದವರು ಎಡವೋದು ಇಲ್ಲೇ.

ಇನ್ನು ನಾಟ್ ಗಿವನ್. ಫಾಲ್ಸ್ ಅನ್ನಬೇಕಾದ್ರೆ ಹೇಳಿಕೆಗೆ ಎದುರು ಹೇಳೋ ಪದಗಳು ಪಠ್ಯದಲ್ಲಿ ಇರಬೇಕು, ಅವುಗಳ ಮೇಲೆ ಬೆರಳಿಟ್ಟು ತೋರಿಸಬೇಕು. ಬೆರಳಿಡೋಕೆ ಜಾಗ ಇಲ್ಲ ಅಂದ್ರೆ ನಾಟ್ ಗಿವನ್. ನೀವೇ ಒಂದು ಪ್ಯಾರಾ ಬರೀರಿ: ಅರೇಬಿಕಾ ಮೊದಲು ಕುಯ್ಲಿಗೆ ಬರುತ್ತೆ, ರೋಬಸ್ಟಾ ಆಮೇಲೆ, ಎರಡೂ ನೆರಳಿನಲ್ಲಿ ಬೆಳೀತವೆ, ಇಷ್ಟೇ. ಕೆಳಗೆ ಮೂರು ಹೇಳಿಕೆ: ರೋಬಸ್ಟಾ ಮೊದಲು ಕುಯ್ತಾರೆ, ಎರಡಕ್ಕೂ ನೆರಳಿದೆ, ಅರೇಬಿಕಾಗೆ ರೇಟು ಜಾಸ್ತಿ. ಮೂರನೆಯದ್ದು ಕೊಡಗಿನಲ್ಲಿ ಯಾರನ್ನು ಕೇಳಿದ್ರೂ ಏನಾದ್ರೂ ಹೇಳ್ತಾರೆ, ಆ ಪ್ಯಾರಾ ಮಾತ್ರ ಏನೂ ಹೇಳಿಲ್ಲ. ತನಗೆ ಗೊತ್ತಿರೋದನ್ನ ಪಕ್ಕಕ್ಕಿಡೋದೇ ಇಲ್ಲಿ ಕಷ್ಟ.

ಟೈಮು ನೆನಪಿರಲಿ, 60 ನಿಮಿಷಕ್ಕೆ ಮೂರು ಪಠ್ಯ, 40 ಪ್ರಶ್ನೆ. ಕಂಸ ಹಾಕೋ ಅಭ್ಯಾಸಕ್ಕೆ ಗಡಿಯಾರ ಬೇಡ, ಅದು ಕೈಗೆ ಕೂತ ಮೇಲೆ ಪಠ್ಯಕ್ಕೆ 20 ನಿಮಿಷ ಅಂತ ಕಟ್ಟುನಿಟ್ಟು ಮಾಡಿ. ಬಿಟ್ಟ ಸ್ಥಳ ತುಂಬೋ ಪ್ರಶ್ನೆಯಲ್ಲಿ "ಬೀನ್ಸ್" ಬೇಕಾದ ಕಡೆ "ಬೀನ್" ಅಂದ್ರೆ ಮಾರ್ಕಿಲ್ಲ, ಹಾಗಾಗಿ ಮೇಷ್ಟ್ರು ಹೇಳಿದ ಬಹುವಚನದ ಸುತ್ತು ಓದಿಗೂ ಬೇಕು.

ವಿರಾಜಪೇಟೆ_ಮೇಷ್ಟ್ರು:

ಪೇಪರ್ ಅಂದಾಗ ನೆನಪಾಯ್ತು. ಲಕ್ಷ, ಕೋಟಿ ಬರೋ ಸುದ್ದಿ ಕೊಡೋ ಮೊದಲು ಹುಷಾರು. ಮ್ಯಾಂಡರಿನ್‌ನಲ್ಲಿ ಎಣಿಕೆ ಹತ್ತು ಸಾವಿರಕ್ಕೊಂದು ಸಲ ಹೊಸ ಹೆಸರು ಪಡೆಯುತ್ತೆ, ಅದು "ವಾನ್". ನಾವು 12,50,000 ಅಂತ ಬರೀತೀವಿ, ಐಇಎಲ್‌ಟಿಎಸ್ ಪೇಪರಿನಲ್ಲಿ ಅದು 1,250,000, ಅವನ ತಲೆಯಲ್ಲಿ 125 ವಾನ್. ಗ್ರಾಫ್ ನೋಡಿ 150 ಪದ ಬರೆಯೋ ಟಾಸ್ಕ್ ಒಂದರಲ್ಲಿ ಒಂದು ಸೊನ್ನೆ ಜಾರಿದ್ರೆ ಇಡೀ ಹೋಲಿಕೆ ತಪ್ಪುತ್ತೆ. 100 ವಾನ್ ಅಂದ್ರೆ ಒಂದು ಮಿಲಿಯನ್, ಇದೊಂದನ್ನು ಗಟ್ಟಿ ಮಾಡಿಸಿ. ದಿನಾ ಐದು ಸಂಖ್ಯೆ ನೀವು ಇಂಗ್ಲಿಷಿನಲ್ಲಿ ಹೇಳಿ, ಅವನು ಅಂಕಿಯಲ್ಲಿ ಬರೀಲಿ. ಮೂರು ಮೂರು ಅಂಕಿಗೆ ಕಾಮಾ, ಬಲದಿಂದ ಎಡಕ್ಕೆ.

ಕಾಮಾ ಅಂದ್ರೆ ಇನ್ನೊಂದು. ಚೀನಿ ಬರವಣಿಗೆಯಲ್ಲಿ ಪೂರ್ತಿ ವಾಕ್ಯಗಳನ್ನೇ ಕಾಮಾದಿಂದ ಪೋಣಿಸಿಕೊಂಡು ಹೋಗ್ತಾರೆ, ಅಲ್ಲಿ ಅದು ತಪ್ಪಲ್ಲ. ಇಂಗ್ಲಿಷಿನಲ್ಲಿ "ಇಟ್ ವಾಸ್ ರೈನಿಂಗ್, ವಿ ಸ್ಟೇಡ್ ಹೋಮ್" ನಡೆಯಲ್ಲ. ಕಾಮಾದ ಎಡಭಾಗ ಕೈಯಿಂದ ಮುಚ್ಚಿ ಬಲದ್ದು ಓದಲಿ, ಆಮೇಲೆ ಬಲ ಮುಚ್ಚಿ ಎಡದ್ದು. ಎರಡೂ ತಾವೇ ನಿಂತ್ರೆ ಕಾಮಾ ಸಾಲದು, ಫುಲ್‌ಸ್ಟಾಪ್ ಹಾಕಬೇಕು ಇಲ್ಲಾ "ಸೋ" ಸೇರಿಸಬೇಕು. "ಸೋ" ಸೇರಿಸಿದ ಖುಷಿಗೆ ವಾಕ್ಯದ ಶುರುವಿನಲ್ಲಿ "ಬಿಕಾಸ್" ಕೂಡ ಹಾಕ್ತಾನೆ, ಅವನ ಭಾಷೆಯಲ್ಲಿ ಅವೆರಡೂ ಜೋಡಿ. "ಆಲ್ದೋ" ಮತ್ತು "ಬಟ್" ಕೂಡ ಹಾಗೇ. ಯಾವುದಾದ್ರೂ ಒಂದನ್ನು ಹೊಡೆದುಹಾಕೋಕೆ ಹೇಳಿ, ಯಾವುದು ಅನ್ನೋದು ಅವನಿಷ್ಟ.