ದೊಡ್ಡಪ್ಪನ ಹಳೇ ಸ್ಪೀಕರ್: ಯಾವ ಜೋಡಿ ಇಟ್ಟುಕೊಳ್ಳಲಿ?

ಕೇಳಿದವರು, ಶಿವಮೊಗ್ಗ ವಿನೋಬನಗರ:
ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಎರಡು ಜೋಡಿ ಸ್ಪೀಕರ್ ನಮ್ಮ ಮನೆಗೆ ಬಂದಿವೆ. ಒಂದು ಎಲ್‌ಎಸ್3/5ಎ, ಬಿಬಿಸಿಯವರ ವಿನ್ಯಾಸದ ಪುಟ್ಟ ಪೆಟ್ಟಿಗೆ, 15 ಓಮ್‌ನದು. ಇನ್ನೊಂದು 12 ಇಂಚಿನ ತ್ರೀ-ವೇ (ದಪ್ಪ, ನಡು, ಸಣ್ಣ ದನಿಗೆ ಬೇರೆ ಬೇರೆ ಸ್ಪೀಕರ್ ಇರುವುದು), ದೊಡ್ಡ ಪೆಟ್ಟಿಗೆ. ರೂಮು 10ಕ್ಕೆ 12 ಅಡಿ, ಆರ್‌ಸಿಸಿ. ಆಂಪ್ 30 ವ್ಯಾಟ್. ಕೇಳುವುದು ಭೀಮಸೇನ ಜೋಶಿ, ಯಕ್ಷಗಾನದ ಪದ. ಎರಡಕ್ಕೂ ಜಾಗ ಇಲ್ಲ. ಬದಲಿಸಿ ಬದಲಿಸಿ ಹಾಕಿದರೆ ದೊಡ್ಡದೇ ಚೆನ್ನಾಗಿ ಕೇಳಿಸುತ್ತದೆ. ಅನುಭವ ಇದ್ದವರು ಹೇಳಿ.

ಸಾಗರದಿಂದ:
ನಾನೂ ಹೀಗೇ ಮೋಸ ಹೋದೆ. 2011ರಲ್ಲಿ ನನ್ನ ಎಲ್‌ಎಸ್3/5ಎ ಜೋಡಿಯನ್ನು 38,000ಕ್ಕೆ ಕೊಟ್ಟು, 46,000 ಹಾಕಿ 12 ಇಂಚಿನದು ತಂದೆ. ಬೆಂಗಳೂರಿಂದ ಬಸ್ಸಿನ ಲಗೇಜು 1,200, ಹಮಾಲಿ 300 ಬೇರೆ. ಮೊದಲ ವಾರ ಮನೆಯವರೆಲ್ಲ ಆಹಾ ಅಂದರು. ಆಮೇಲೆ ಗೊತ್ತಾಯಿತು, ಚೆನ್ನಾಗಿದ್ದದ್ದಲ್ಲ, ಬರೀ ಸದ್ದು ಜಾಸ್ತಿ ಇದ್ದದ್ದು. ಎಲ್‌ಎಸ್3/5ಎ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟಿಗೆ ಹೊರಡುವ ಸದ್ದು, ಹೆಚ್ಚೆಂದರೆ 83 ಡಿಬಿ. ನಾನು ತಂದದ್ದು 90. ಅಷ್ಟೇ ಸದ್ದು ಬರಬೇಕಾದರೆ ಚಿಕ್ಕದಕ್ಕೆ ಐದು ಪಟ್ಟು ವ್ಯಾಟ್ ಬೇಕು. ನಾನು ವಾಲ್ಯೂಮ್ ಮುಟ್ಟದೆ ಹೋಲಿಸಿದ್ದೆ. ಬಿಬಿಸಿಯವರು ಆ ಚಿಕ್ಕದನ್ನು ಮಾಡಿದ್ದೇ ವ್ಯಾನಿನೊಳಗೆ ಕೂತು ಮಾತು ಸರಿಯಾಗಿ ಬರುತ್ತಿದೆಯಾ ಎಂದು ಕೇಳುವುದಕ್ಕೆ. ಹಾಡುವವರು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಇವತ್ತಿನ ಬೆಲೆಗೆ ಅದನ್ನು ವಾಪಸ್ ತರುವ ಶಕ್ತಿ ನನಗಿಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ತೀರ್ಥಹಳ್ಳಿಯಿಂದ:
ಸಾಗರದವರೇ, ಉಸಿರು ಕೇಳಿದರೆ ಆಯಿತಾ? ಚಂಡೆಯ ಪೆಟ್ಟು ಎದೆಗೆ ಬೀಳುವುದು ಬೇಡವಾ? ಐದು ಲೀಟರಿನ ಪೆಟ್ಟಿಗೆಯಲ್ಲಿ ಅದು ಎಲ್ಲಿಂದ ಬರಬೇಕು ಮಾರಾಯ್ರೇ.

ನನ್ನದೂ 12 ಇಂಚು, ಹಂಚಿನ ಮನೆ, 18ಕ್ಕೆ 24ರ ಹಜಾರ. ಮೂರು ಮಳೆಗಾಲಕ್ಕೆ ಕೋನಿನ ಸುತ್ತಲಿನ ಫೋಮ್ ಹೋಯಿತು. ಮುಟ್ಟಿದರೆ ಬೆರಳಿಗೆ ಜೋನಿ ಬೆಲ್ಲದ ಹಾಗೆ ಅಂಟುತ್ತಿತ್ತು. ಸ್ಪೀಕರಿನ ತಪ್ಪಲ್ಲ, ಆ ಕಾಲದ ಫೋಮ್ ಎಲ್ಲ ಅಷ್ಟೇ, ತೇವದ ಹವೆಗೆ ಇನ್ನೂ ಬೇಗ ಹೋಗುತ್ತದೆ. ಪೇಟೆಯಲ್ಲಿ ಒಬ್ಬರು ಇಡೀ ಕೋನೇ ಬದಲಿಸಬೇಕು, 9,000 ಆಗುತ್ತದೆ ಅಂದರು. ಬೇಡ ಎಂದು ನಾನೇ ಕೂತೆ. ಫೋಮ್ ಜೋಡಿಗೆ 1,850, ಅಂಟು 420, ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬಂದ ಖರ್ಚು 1,300. ಹಳೇ ಅಂಟು ಕೆರೆಯುವುದಕ್ಕೇ ಎರಡು ರಾತ್ರಿ. ನಡುವಿನ ಟೋಪಿ ಬ್ಲೇಡಿನಲ್ಲಿ ಬಿಡಿಸಿ, ಹಳೇ ಫೋಟೋ ರೀಲಿನ ಚೂರು ತುರುಕಿ ವಾಯ್ಸ್ ಕಾಯಿಲ್ (ಕೋನಿನ ಹಿಂದಿನ ತಂತಿ ಸುರುಳಿ) ನಡುವಿಗೆ ನಿಲ್ಲಿಸಿದೆ. ಎಡಗಡೆಯದು ಸರಿ ಕೂತಿತು. ಬಲಗಡೆಯದು ಗರಗರ ಅಂತು. ಮತ್ತೆ ಬಿಚ್ಚಿದೆ, ಮತ್ತೆ 925. ಈಗ ಭಾಗವತರ ಪದದ ಹಿಂದೆ ಮದ್ದಳೆ ಬೇರೆ, ಚಂಡೆ ಬೇರೆ ನಿಂತು ಕೇಳುತ್ತದೆ. ಯಾರು ಎಷ್ಟು ಕೊಟ್ಟರೂ ಕೊಡುವುದಿಲ್ಲ.

ಕೊಪ್ಪದಿಂದ:
ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ಟಿರಿ. ದಪ್ಪ ದನಿ, ಸಣ್ಣ ದನಿಯನ್ನು ಬೇರೆ ಮಾಡಿ ಕಳಿಸುವ ಕ್ರಾಸ್‌ಓವರಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ನೋಡಿದ್ದೀರಾ? 40 ವರ್ಷ ಆದರೆ ಒಳಗೆ ಒಣಗಿರುತ್ತದೆ. ನನ್ನದರಲ್ಲಿ ತಂಬೂರಿಯ ಜವಾರಿಯೇ, ಆ ತಂತಿಯ ಝೇಂಕಾರವೇ, ಇರಲಿಲ್ಲ. ಕಂಬಳಿ ಹೊದಿಸಿದ ಹಾಗೆ. ಎಂಟು ಕೆಪಾಸಿಟರ್ ಬದಲಿಸಿದೆ, 2,760. ಮೊದಲ ಸಲ ಕೊಟ್ಟ ಅಂಗಡಿಯವರು ಟಿವಿಗೆ ಹಾಕುವ, ಪ್ಲಸ್-ಮೈನಸ್ ಇರುವ ಪೋಲಾರ್ ಮಾಲು ಕೊಟ್ಟಿದ್ದರು, ಅದರ 640 ನೀರುಪಾಲು. ನಾನ್-ಪೋಲಾರ್ ಹಾಕಿದ ಮೇಲೆ ನಾಲ್ಕೂ ತಂತಿ ಮಾತಾಡಿದವು. ಕೆಪಾಸಿಟರ್ ಬದಲಿಸದೆ ಎರಡು ಹಳೇ ಸ್ಪೀಕರ್ ಹೋಲಿಸಬೇಡಿ.

ಸಾಗರದಿಂದ:
ಬದಲಿಸಿದ ಮೇಲೆ ಅದು ಹಳೇ ಸ್ಪೀಕರ್ ಹೇಗೆ ಆಗುತ್ತದೆ? ಮಾಡಿದವನು ಕಿವಿಯಿಟ್ಟು ಹೊಂದಿಸಿದ್ದನ್ನು ನೀವು ಸೋಲ್ಡರಿಂಗ್ ಕಡ್ಡಿ ಹಿಡಿದು ಕೆಡಿಸಿದಿರಿ.

ಕೊಪ್ಪದಿಂದ:
ಬೆಲೆ ಕಟ್ಟಲಾಗದ ಜೋಡಿಯನ್ನು 38,000ಕ್ಕೆ ಮಾರಿದವರು ನನಗೆ ಪಾಠ ಹೇಳಬೇಡಿ.

ತೀರ್ಥಹಳ್ಳಿಯಿಂದ:
ಆ ಮಾತು ಬೇಡಿತ್ತು ಕೊಪ್ಪದವರೇ. ಅವರ ಸಂಕಟ ಅವರಿಗೆ. ಆದರೆ ಫೋಮು, ಕೆಪಾಸಿಟರಿಗಿಂತ ಮೊದಲು ಮಳೆಗಾಲದಲ್ಲಿ ಎಲ್ಲಿ ಇಡುತ್ತೀರಿ ಅದನ್ನು ಯೋಚಿಸಿ. ನಾನು ಹಿಂದೆ ಪೇಪರ್ ಕೋನಿಗೆ ಬೂಷ್ಟು ಹಿಡಿಯುತ್ತದೆ ಎಂದು ಬಚ್ಚಲ ಒಲೆಯ ಗೋಡೆಗೆ ಒರಗಿಸಿಟ್ಟಿದ್ದೆ. ಹದಿನೈದು ದಿನಕ್ಕೆ ತೇಗದ ಹಾಳೆ ಮೂಲೆಯಿಂದ ಎದ್ದು ಬಂತು. ಬಡಗಿಗೆ 2,200. ಈಗ ಕಪಾಟಿನಲ್ಲಿ ಜೀರೋ ಬಲ್ಬ್ ಹಾಕಿ ಇಡುತ್ತೇನೆ.

ಕೊಪ್ಪದಿಂದ:
ಬಲ್ಬಿನ ಶಾಖಕ್ಕೆ ಅಂಟು ಬಿಡುತ್ತದೆ. ದಿನಾ ಒಂದು ಗಂಟೆ ಹಾಡು ಹಾಕಿ, ಸಾಕು.

ತೀರ್ಥಹಳ್ಳಿಯಿಂದ:
ಆಷಾಢದಲ್ಲಿ ನಮ್ಮಲ್ಲಿ ಕರೆಂಟು ಇದ್ದರೆ ತಾನೇ ಹಾಡು! ಇದ್ದ ದಿನ ಸಿಡಿಲು. 2018ರಲ್ಲಿ ಪ್ಲಗ್ ಎಳೆಯದೆ ಅಡಿಕೆ ತೋಟಕ್ಕೆ ಹೋಗಿದ್ದೆ, ಆಂಪಿನ ಔಟ್‌ಪುಟ್ ಎರಡೂ ಚಾನೆಲ್ ಹೋಯಿತು. 5,400.

ಕೇಳಿದವರು, ವಿನೋಬನಗರ:
ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ರೇಡಿಯೋದಲ್ಲಿ ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಆ ಸುರ್ರೆನ್ನುವ ಸದ್ದನ್ನು ಫೋನಿನ ಮೀಟರಿನಲ್ಲಿ ಅಳೆದೆ. ಕೂರುವ ಜಾಗದಲ್ಲಿ ಎರಡಕ್ಕೂ 72 ಡಿಬಿ ಬರುವ ಹಾಗೆ ವಾಲ್ಯೂಮ್ ಗುರುತು ಹಾಕಿಕೊಂಡೆ. ಆಮೇಲೆ ಜೋಶಿಯವರನ್ನು ಹಾಕಿದೆ. ಚಿಕ್ಕದರಲ್ಲಿ ಅವರು ರೂಮಿನೊಳಗೇ ಕೂತಿದ್ದರು. ದೊಡ್ಡದರಲ್ಲಿ ದನಿ ಮೂಲೆಯಿಂದ ಗುಂಯ್ ಎಂದು ಬರುತ್ತಿತ್ತು. ಇಷ್ಟು ದಿನ ಗೊತ್ತಾಗಿರಲಿಲ್ಲ. ಆದರೆ ಚಂಡೆಗೆ ಚಿಕ್ಕದು ಸಾಲದು, ತೀರ್ಥಹಳ್ಳಿಯವರು ಹೇಳಿದ್ದು ನಿಜ. ದೊಡ್ಡದರ ಜಾಲರಿ ಬಿಚ್ಚಿ ನೋಡಿದೆ, ಫೋಮ್ ಅರ್ಧ ಸುತ್ತು ಉದುರಿದೆ. ಊರಿನ ಮನೆಯ ಜಗಲಿ ದೊಡ್ಡದಿದೆ, ಅದನ್ನು ಅಲ್ಲಿಗೆ ಕಳಿಸೋಣ ಅಂತಿದ್ದೇನೆ. ಫೋಮ್ ಹಾಕುವುದನ್ನು ಒಂದು ಭಾನುವಾರ ತೋರಿಸಿಕೊಡುತ್ತೀರಾ?

ತೀರ್ಥಹಳ್ಳಿಯಿಂದ:
ಬನ್ನಿ. ಫೋಟೋ ರೀಲು ಇದ್ದರೆ ತನ್ನಿ, ನನ್ನದು ಮುಗಿದಿದೆ.

ಸಾಗರದಿಂದ:
ಭಾನುವಾರ ಬರುವಾಗ ಆ ಚಿಕ್ಕ ಜೋಡಿಯನ್ನೂ ಕಾರಿನಲ್ಲಿ ಹಾಕಿಕೊಂಡು ಬನ್ನಿ ಸಾರ್. ನಾನೂ ತೀರ್ಥಹಳ್ಳಿಗೆ ಬರುತ್ತೇನೆ. ಒಂದು ಸಲ ಕೇಳಬೇಕು.