ಸ್ಪಾರ್ಕ್ ಪ್ಲಗ್ ಬದಲಾವಣೆ: ಶೋರೂಮ್‌ಗೆ ಕೊಡಬೇಕಾ, ನಾವೇ ಮಾಡಿಕೊಳ್ಳಬಹುದಾ?

ಆರು_ಸಿಲಿಂಡರ್:

ನಮಸ್ಕಾರ ಎಲ್ಲರಿಗೂ. ನನ್ನದು ಜರ್ಮನ್ ಸೆಡಾನ್, 3 ಲೀಟರ್ ಟರ್ಬೊ ಪೆಟ್ರೋಲ್, ಆರು ಸಿಲಿಂಡರ್ ಒಂದೇ ಸಾಲಿನಲ್ಲಿ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ವಾರಂಟಿ ಮುಗಿದಿದೆ. ಸರ್ವಿಸ್‌ಗೆ ಬಿಟ್ಟಾಗ ಸ್ಪಾರ್ಕ್ ಪ್ಲಗ್ ಬದಲಾಯಿಸುವ ಸಮಯ ಬಂದಿದೆ ಅಂದರು. ಹೇಗೂ ಬಿಚ್ಚುತ್ತೇವೆ, ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಆರೂ ಇಗ್ನಿಷನ್ ಕಾಯಿಲ್ ಸಹ ಹಾಕಿಸಿಬಿಡಿ ಅಂತ ಎಸ್ಟಿಮೇಟ್ ಕೈಗಿಟ್ಟರು. ಪ್ಲಗ್ಗಿನ ಬೆಲೆಗಿಂತ ಲೇಬರ್ ಚಾರ್ಜೇ ಜಾಸ್ತಿ. ಕಾಯಿಲ್ ಸೇರಿದರೆ ಕೇಳುವುದೇ ಬೇಡ.

ಗಾಡಿಯಲ್ಲಿ ದೊಡ್ಡ ತೊಂದರೆ ಏನೂ ಇಲ್ಲ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಸ್ವಲ್ಪ ನಡುಗುತ್ತದೆ, ಆಮೇಲೆ ಸರಿಹೋಗುತ್ತದೆ. ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಬೈಕ್ ಪ್ಲಗ್ ನಾನೇ ಬಿಚ್ಚಿ ಹಾಕಿ ಅಭ್ಯಾಸ ಇದೆ, ಏರ್ ಫಿಲ್ಟರ್, ಆಯಿಲ್, ಬ್ಯಾಟರಿ ಇವೆಲ್ಲ ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಆದರೆ ಈ ಗಾಡಿಯ ಬಾನೆಟ್ ಎತ್ತಿದರೆ ಕಪ್ಪು ಪ್ಲಾಸ್ಟಿಕ್ ಕವರ್ ಬಿಟ್ಟು ಏನೂ ಕಾಣುವುದಿಲ್ಲ. ಇದು ನಾನು ಕೈ ಹಾಕುವ ಕೆಲಸವಾ, ಅಥವಾ ಸುಮ್ನೆ ದುಡ್ಡು ಕೊಟ್ಟು ಮುಗಿಸುವುದು ವಾಸಿನಾ? ಮಾಡಿದವರು ಹೇಳಿ.

ಗ್ರೀಸ್‌ಕೈ:

ಲಕ್ಷುರಿ ಗಾಡಿ ಅನ್ನುವ ಕಾರಣಕ್ಕೆ ಹೆದರಬೇಡಿ. ಬಾನೆಟ್ ಮೇಲಿನ ಲಾಂಛನ ನೋಡಿ ಪ್ಲಗ್ ಏನೂ ಗಟ್ಟಿಯಾಗುವುದಿಲ್ಲ. ನೋಡಬೇಕಾದ್ದು ಒಂದೇ, ಪ್ಲಗ್ ಎಲ್ಲಿ ಕೂತಿದೆ, ಅಲ್ಲಿಗೆ ನಿಮ್ಮ ಕೈ ನೇರವಾಗಿ ಹೋಗುತ್ತದಾ. ಆ ಲೆಕ್ಕದಲ್ಲಿ ನೀವು ಅದೃಷ್ಟವಂತರು. ಉದ್ದಕ್ಕೆ ಕೂರಿಸಿದ ಒಂದೇ ಸಾಲಿನ ಆರು ಸಿಲಿಂಡರ್ ಅಂದರೆ ಆರೂ ಪ್ಲಗ್ ಎಂಜಿನ್ ತಲೆಯ (ಹೆಡ್) ಮೇಲೆ, ಮೇಲಿನಿಂದ ನೇರವಾಗಿ ಸಿಗುತ್ತವೆ. ತಕರಾರು ಮಾಡುವುದು ಹಿಂದಿನ ಎರಡು. ಹಲವು ಮಾಡೆಲ್‌ಗಳಲ್ಲಿ ಅವು ವಿಂಡ್‌ಶೀಲ್ಡ್ ಬುಡದ ಪ್ಲಾಸ್ಟಿಕ್ ಅಡಿಗೆ ಹೋಗಿರುತ್ತವೆ, ಕ್ಯಾಬಿನ್ ಫಿಲ್ಟರ್ ಡಬ್ಬಿ ಬಿಚ್ಚಿ ಆಚೆ ಇಟ್ಟರೆ ಜಾಗ ಆಗುತ್ತದೆ.

ಮೊದಲು ಗಾಡಿಯ ಪುಸ್ತಕ ತೆಗೆದು, ಎಷ್ಟು ಕಿಲೋಮೀಟರ್‌ಗೆ ಪ್ಲಗ್ ಬದಲಿಸಬೇಕು ಅಂತ ನೋಡಿ. ಹಳೆಯ ನಿಕ್ಕಲ್ ಪ್ಲಗ್ ಸುಮಾರು 30,000 ಕಿಲೋಮೀಟರ್‌ಗೆ ಸವೆದು ಹೋಗುತ್ತಿತ್ತು. ಇರಿಡಿಯಂ, ಪ್ಲಾಟಿನಂ ಪ್ಲಗ್‌ಗಳು ಸಾಮಾನ್ಯ ಎಂಜಿನ್‌ನಲ್ಲಿ 1 ಲಕ್ಷ ಕಿಲೋಮೀಟರ್ ಆಸುಪಾಸು ಬರುತ್ತವೆ, ಟರ್ಬೊ ಇದ್ದರೆ ಅದಕ್ಕಿಂತ ಬೇಗ ಹೇಳಿರುತ್ತಾರೆ. ಕಾರಣ ಇದೆ. ತುದಿ ಸವೆದಂತೆ ಕಿಡಿ ಹಾರುವ ಸಂದು, ಅಂದರೆ ಗ್ಯಾಪ್, ಅಗಲ ಆಗುತ್ತದೆ, ಟರ್ಬೊದಲ್ಲಿ ಸಿಲಿಂಡರ್ ಒಳಗಿನ ಒತ್ತಡವೂ ಜಾಸ್ತಿ, ಎರಡೂ ಸೇರಿ ಕಿಡಿ ಹಾರಿಸಲು ಕಾಯಿಲ್ ಹೆಚ್ಚು ವೋಲ್ಟೇಜ್ ಕೊಡಬೇಕಾಗುತ್ತದೆ. ಅಂದರೆ ಪ್ಲಗ್ ಹಾಕಿಸುವುದನ್ನು ಮುಂದೂಡಿದರೆ ಕೊನೆಗೆ ಹೋಗುವುದು ಕಾಯಿಲ್.

ಇನ್ನು ಬೇಕಾದ ಸಾಮಾನು. ಎಷ್ಟು ಬಲದಲ್ಲಿ ಬಿಗಿಯುತ್ತೀರಿ ಅಂತ ಅಳೆಯುವ ಒಳ್ಳೆಯ ಟಾರ್ಕ್ ರೆಂಚ್, ಉದ್ದನೆಯ ಎಕ್ಸ್‌ಟೆನ್ಷನ್, ಸರಿಯಾದ ಸಾಕೆಟ್. ಈ ಸಾಕೆಟ್ ವಿಷಯ ಯಾರೂ ಹೇಳುವುದಿಲ್ಲ. ಸಾಮಾನ್ಯವಾಗಿ ಸಿಗುವುದು 16 ಮಿ.ಮೀ. ಆದರೆ ಹಲವು ಬಿಎಂಡಬ್ಲ್ಯು, ಮಿನಿ ಎಂಜಿನ್‌ಗಳಿಗೆ ಬೇಕಾಗುವುದು 14 ಮಿ.ಮೀ., ಹನ್ನೆರಡು ಮೂಲೆಯದು, ಅದೂ ಗೋಡೆ ತೆಳ್ಳಗಿರುವುದು. ಪ್ಲಗ್ ಕೂತಿರುವ ಆಳದ ತೂತಿಗೆ ಬಾವಿ ಅನ್ನುತ್ತೇವೆ, ದಪ್ಪ ಸಾಕೆಟ್ ಆ ಬಾವಿಗೆ ಇಳಿಯುವುದೇ ಇಲ್ಲ. ಗಾಡಿ ಬಿಚ್ಚಿ ಹಾಕಿದ ಮೇಲೆ ಇದು ಗೊತ್ತಾದರೆ ದಿನ ಹಾಳು. ಒಳಗೆ ಅಯಸ್ಕಾಂತ ಅಥವಾ ರಬ್ಬರ್ ಇರುವ ಸಾಕೆಟ್ ತಗೊಳ್ಳಿ, ಪ್ಲಗ್ ಕಚ್ಚಿಕೊಂಡು ಮೇಲೆ ಬರುತ್ತದೆ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ತಿರುವಿದರೆ ಥ್ರೆಡ್ ಕಿತ್ತುಕೊಂಡು ಬರಬಹುದು. ಕಾಯಿಲ್ ಕನೆಕ್ಟರ್‌ನ ಲಾಕ್ ಬಿಡಿಸಿ, ಕಾಯಿಲ್ ಅನ್ನು ಸ್ವಲ್ಪ ಆ ಕಡೆ ಈ ಕಡೆ ತಿರುಗಿಸಿ ನೇರವಾಗಿ ಮೇಲಕ್ಕೆ ಎಳೆಯಿರಿ. ಹಳೇ ಗಾಡಿಯಲ್ಲಿ ಕಾಯಿಲ್ ಕೆಳಗಿನ ರಬ್ಬರ್ ಪ್ಲಗ್‌ಗೆ ಅಂಟಿಕೊಂಡಿರುತ್ತದೆ, ಜಗ್ಗಾಡಿದರೆ ಹರಿಯುತ್ತದೆ. ಪ್ಲಗ್ ಸಡಿಲಿಸುವ ಮೊದಲು ಬಾವಿಗೆ ಗಾಳಿ ಹೊಡೆಯಿರಿ. ಅಲ್ಲಿ ಮರಳು, ಒಣ ಎಲೆಯ ಪುಡಿ ಎಲ್ಲ ಕೂತಿರುತ್ತದೆ, ಪ್ಲಗ್ ತೆಗೆದ ತಕ್ಷಣ ನೇರ ಸಿಲಿಂಡರ್ ಒಳಕ್ಕೆ.

ಹೊಸದನ್ನು ಹಾಕುವಾಗ ರ‍್ಯಾಚೆಟ್ ಮುಟ್ಟಲೇಬೇಡಿ. ಎಕ್ಸ್‌ಟೆನ್ಷನ್ ಅನ್ನು ಬೆರಳಲ್ಲಿ ಹಿಡಿದು ಮೊದಲು ಉಲ್ಟಾ ದಿಕ್ಕಿಗೆ ನಿಧಾನ ತಿರುಗಿಸಿ. ಒಂದು ಕಡೆ ಸಣ್ಣಗೆ 'ಟಕ್' ಅಂತ ಕೆಳಗೆ ಕೂರುತ್ತದೆ, ಅದು ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿ. ಬೆರಳ ತುದಿಯ ಬಲದಲ್ಲೇ ತಳದ ತನಕ ಇಳಿಯಬೇಕು. ಮಧ್ಯದಲ್ಲಿ ಬಿಗಿ ಅನ್ನಿಸಿದರೆ ನಿಲ್ಲಿಸಿ, ವಾಪಸ್ ತೆಗೆದು ಮತ್ತೆ ಶುರು ಮಾಡಿ. ಇಲ್ಲಿ ಅವಸರ ಮಾಡಿ ಥ್ರೆಡ್ ಅಡ್ಡ ಹೋಯಿತೋ, ಶೋರೂಮ್ ಕೇಳಿದ ದುಡ್ಡು ಕಡಿಮೆ ಅನ್ನಿಸುವಷ್ಟು ಖರ್ಚು.

ಟಾರ್ಕ್ ಎಷ್ಟು ಅಂತ ಆ ಎಂಜಿನ್‌ನ ಪುಸ್ತಕದಲ್ಲೇ ನೋಡಬೇಕು. ಅಂದಾಜು ಬೇಕಿದ್ದರೆ, ಅಲ್ಯೂಮಿನಿಯಂ ಹೆಡ್‌ಗೆ 14 ಮಿ.ಮೀ. ಥ್ರೆಡ್ ಪ್ಲಗ್‌ಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ. ಥ್ರೆಡ್‌ಗೆ 15ರಿಂದ 20 ಅಂತ ಪ್ಲಗ್ ಕಂಪನಿಗಳು ಹೇಳುತ್ತವೆ. ಕಾರು ಕಂಪನಿ ಬೇರೆ ಸಂಖ್ಯೆ ಕೊಟ್ಟಿದ್ದರೆ ಅದೇ ಕೊನೆ ಮಾತು. ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಆಂಟಿ ಸೀಜ್ ಪೇಸ್ಟ್ ಬಳಿಯಬೇಡಿ. ಈಗಿನ ಪ್ಲಗ್‌ಗಳಿಗೆ ಲೇಪನ ಇರುತ್ತದೆ, ಪ್ಲಗ್ ಕಂಪನಿ ಎನ್‌ಜಿಕೆಯವರೇ ಬೇಡ ಅಂತಾರೆ. ಜಾರುವಿಕೆ ಹೆಚ್ಚಾಗಿ ರೆಂಚ್ ತೋರಿಸುವುದಕ್ಕಿಂತ ಜಾಸ್ತಿ ಬಿಗಿಯಾಗುತ್ತದೆ.

ಕಾಯಿಲ್ ಆರೂ ಬದಲಿಸುವ ಮಾತು ನನಗೆ ಹಿಡಿಸಲಿಲ್ಲ. ಹಾಳಾಗದ ಕಾಯಿಲ್ ಯಾಕೆ ಬಿಸಾಡಬೇಕು?

ಸರ್ವಿಸ್‌ಬೇ:

ನಾನು ವರ್ಕ್‌ಶಾಪ್ ಕಡೆಯವನು. ಮೇಲಿನವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ 'ಹೆದರಬೇಡಿ' ಅನ್ನುವುದನ್ನು ಎಲ್ಲ ಗಾಡಿಗೂ ಅಂತ ಯಾರೂ ಓದಿಕೊಳ್ಳಬೇಡಿ. ಈ ಪ್ರಶ್ನೆ ನೋಡಿ ಬೇರೆ ಗಾಡಿಯವರೂ ಬರುತ್ತಾರೆ, ಅಲ್ವಾ.

ವಿ6 (ಮೂರು ಮೂರು ಸಿಲಿಂಡರ್‌ನ ಎರಡು ಸಾಲು) ಇದ್ದ ಹಳೆಯ ಲೆಕ್ಸಸ್ ಆರ್‌ಎಕ್ಸ್ 350 ತಗೊಳ್ಳಿ. ಎಂಜಿನ್ ಅಡ್ಡಕ್ಕೆ ಕೂತಿದೆ. ಮುಂದಿನ ಮೂರು ಪ್ಲಗ್ ಕಣ್ಣೆದುರಿಗೇ ಇವೆ. ಹಿಂದಿನ ಮೂರಕ್ಕೆ ವೈಪರ್ ಬುಡದ ಕವರ್ (ಕೌಲ್) ತೆಗೆದು, ಎಂಜಿನ್‌ಗೆ ಗಾಳಿ ಹೋಗುವ ಮೇಲಿನ ಇನ್‌ಟೇಕ್ ಚೇಂಬರ್ ಎತ್ತಬೇಕು. ಗ್ಯಾಸ್ಕೆಟ್ ಹೊಸದು ಹಾಕಬೇಕು, ತೆರೆದ ಪೋರ್ಟ್‌ಗೆ ನಟ್ ಬೀಳದಂತೆ ಬಟ್ಟೆ ತುರುಕಬೇಕು. ಪ್ಲಗ್ ಅದೇ, ಕೆಲಸ ಬೇರೆ. ಅಲ್ಲಿ ಲೇಬರ್ ಜಾಸ್ತಿ ಕೇಳಿದರೆ ಅದು ಮೋಸ ಅಲ್ಲ.

ಹಳೆಯ ಮರ್ಸಿಡಿಸ್ ಎಂ112, ಎಂ113 ಎಂಜಿನ್‌ಗಳಲ್ಲಿ ಒಂದು ಸಿಲಿಂಡರ್‌ಗೆ ಎರಡು ಪ್ಲಗ್. ವಿ6ಗೆ 12, ವಿ8ಗೆ 16. ಎಸ್ಟಿಮೇಟ್‌ನಲ್ಲಿ 12 ಅಂತ ನೋಡಿ ಜಗಳಕ್ಕೆ ಬರುವವರು ಇದ್ದಾರೆ. ಇನ್ನು ಲಿಂಕನ್ ನ್ಯಾವಿಗೇಟರ್‌ನ 5.4 ಲೀಟರ್ ಮೂರು ವಾಲ್ವ್ ಎಂಜಿನ್ ಇದ್ದರೆ ದಯವಿಟ್ಟು ಮನೆಯಲ್ಲಿ ಕೈ ಹಾಕಬೇಡಿ. ಅದರ ಮೂಲ ಪ್ಲಗ್ ಎರಡು ತುಂಡು ಸೇರಿಸಿ ಮಾಡಿದ್ದು. ಬಿಚ್ಚುವಾಗ ಮೇಲಿನ ಭಾಗ ಕೈಗೆ ಬಂದು ಕೆಳಗಿನದು ಹೆಡ್‌ನಲ್ಲೇ ಉಳಿಯುವುದು ಆ ಎಂಜಿನ್‌ನ ಪ್ರಸಿದ್ಧ ಕಾಯಿಲೆ. ಅದನ್ನು ತೆಗೆಯಲು ಬೇರೆಯೇ ಟೂಲ್ ಇದೆ.

ಶೋರೂಮ್‌ಗೆ ಕೊಡುವುದರಲ್ಲಿ ಒಂದು ಲಾಭ ಇದೆ, ಜನ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲಸ ಮಾಡುವಾಗ ಥ್ರೆಡ್ ಹೋದರೆ, ಕನೆಕ್ಟರ್ ಮುರಿದರೆ ಅದು ಅವರ ತಲೆನೋವು. ಬಿಲ್ಲಿನ ಮೇಲೆ ದಾಖಲೆಯೂ ಉಳಿಯುತ್ತದೆ. ವಾರಂಟಿ ಇರುವ ಗಾಡಿ ಆದರೆ ನಾನು ಎರಡನೇ ಯೋಚನೆ ಇಲ್ಲದೆ ಅಲ್ಲಿಗೇ ಕಳಿಸುತ್ತೇನೆ.

ಕೊಡುವುದಾದರೆ ಬಾಯಿಬಿಟ್ಟು ಕೇಳಿ. ಪ್ಲಗ್ಗಿನ ಪಾರ್ಟ್ ನಂಬರ್ ಬರೆದುಕೊಡಿ, ಹಳೇ ಪ್ಲಗ್ ವಾಪಸ್ ಕೊಡಿ, ಯಾವ ಸಿಲಿಂಡರಿಂದ ಯಾವುದು ಬಂತು ಅಂತ ಗುರುತು ಹಾಕಿ. ಇಷ್ಟು ಕೇಳಿದರೆ ಸಾಕು, ಎದುರಿನವರಿಗೂ ನೀವು ನೋಡುತ್ತೀರಿ ಅಂತ ಗೊತ್ತಾಗುತ್ತದೆ. ಕಾಯಿಲ್ ಯಾಕೆ ಅಂತಲೂ ಕೇಳಿ. 'ಮುನ್ನೆಚ್ಚರಿಕೆ' ಅಂದರೆ ಬೇಡ ಅನ್ನಿ. 'ಇಂಥ ಸಿಲಿಂಡರ್‌ನಲ್ಲಿ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಹೊತ್ತದಿರುವುದು) ಕೌಂಟ್ ಬರುತ್ತಿದೆ' ಅಂದರೆ ಆ ರಿಪೋರ್ಟ್ ತೋರಿಸಿ ಅನ್ನಿ.

ಪಾನಾಪೆಟ್ಟಿಗೆ:

ಇಬ್ಬರೂ ಮಧ್ಯದ ದಾರಿ ಬಿಟ್ಟಿರಿ. ಅದೇ ಕಂಪನಿ ಗಾಡಿಗಳನ್ನೇ ನೋಡುವ ಹೊರಗಿನ ಗ್ಯಾರೇಜ್ ಇರುತ್ತವಲ್ಲ, ಅಲ್ಲಿ ಕೇಳಿ. ಪ್ಲಗ್ ನೀವೇ ತಂದುಕೊಟ್ಟರೂ ಕೆಲವರು ಹಾಕಿಕೊಡುತ್ತಾರೆ. ಕಾರು ಕಂಪನಿ ಪ್ಲಗ್ ತಯಾರಿಸುವುದಿಲ್ಲ, ಡೆನ್ಸೊ, ಎನ್‌ಜಿಕೆ, ಬಾಷ್ ಇವರ ಮಾಲೇ ಆ ಡಬ್ಬಿಯಲ್ಲಿ ಬರುವುದು. ಅದೇ ನಂಬರಿನ ಪ್ಲಗ್ ಹೊರಗೆ ಕಡಿಮೆಗೆ ಸಿಗುತ್ತದೆ.

ಆದರೆ ಆನ್‌ಲೈನಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ಕುಣಿಯಬೇಡಿ. ನಕಲಿ ಇರಿಡಿಯಂ ಪ್ಲಗ್ ಬೇಕಾದಷ್ಟಿವೆ. ಅಸಲಿಯಲ್ಲಿ ಮಧ್ಯದ ತುದಿ ಸೂಜಿಯಂತೆ ಸಣ್ಣದು, 0.4ರಿಂದ 0.7 ಮಿ.ಮೀ. ಮಾತ್ರ, ಅದರ ವೆಲ್ಡಿಂಗ್ ಒಂದೇ ಸಮ ಇರುತ್ತದೆ. ನಕಲಿಯಲ್ಲಿ ತುದಿ ಓರೆ, ಅಕ್ಷರದ ಮುದ್ರಣ ಕೆಟ್ಟದು. ಆ ತುದಿಗೆ ಗೇಜ್ ಹಾಕಿ ಮೀಟುವುದೂ ಬೇಡ, ಮುರಿಯುತ್ತದೆ. ಗ್ಯಾಪ್ ಫ್ಯಾಕ್ಟರಿಯಲ್ಲೇ ಇಟ್ಟು ಕಳಿಸಿರುತ್ತಾರೆ, ಬರೀ ಅಳೆದು ನೋಡಿ ಸಾಕು. ಮತ್ತೆ ನೆಲಕ್ಕೆ ಬಿದ್ದ ಪ್ಲಗ್ ಹಾಕಲೇಬೇಡಿ, ಪಿಂಗಾಣಿಯಲ್ಲಿ ಕೂದಲೆಳೆ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ.

ಆರು_ಸಿಲಿಂಡರ್:

ಎಲ್ಲರಿಗೂ ಥ್ಯಾಂಕ್ಸ್. ಪ್ಲಾಸ್ಟಿಕ್ ಕವರ್ ತೆಗೆದು ನೋಡಿದೆ, ಸುಮ್ನೆ ಮೇಲಕ್ಕೆ ಎಳೆದರೆ ಬರುತ್ತದೆ. ನಾಲ್ಕು ಕಾಯಿಲ್ ಚೆನ್ನಾಗಿ ಕಾಣುತ್ತವೆ, ಹಿಂದಿನ ಎರಡು ಗ್ರೀಸ್‌ಕೈ ಹೇಳಿದ ಹಾಗೆ ಒಳಗೆ ಹೋಗಿವೆ. ಮೊದಲನೇ ಕಾಯಿಲ್ ಎತ್ತಿ ನೋಡಿದರೆ ಅದರ ರಬ್ಬರ್ ಕೆಳತುದಿ ಎಣ್ಣೆ ಎಣ್ಣೆ. ಪ್ಲಗ್ ಇನ್ನೂ ಬಿಚ್ಚಿಲ್ಲ. ಇದು ಏನು? ಎಂಜಿನ್ ಒಳಗಿನಿಂದ ಬಂದಿದ್ದಾ?

ಸರ್ವಿಸ್‌ಬೇ:

ಗಾಬರಿ ಬೇಡ. ಪಿಸ್ಟನ್ ಕಡೆಯಿಂದ ಬಂದಿದ್ದಲ್ಲ. ಬಾವಿಯೊಳಗೆ, ಪ್ಲಗ್ಗಿನ ಮೇಲ್ಭಾಗದಲ್ಲಿ ಎಣ್ಣೆ ನಿಂತಿದ್ದರೆ ಸಾಮಾನ್ಯವಾಗಿ ವಾಲ್ವ್ ಕವರ್ ಗ್ಯಾಸ್ಕೆಟ್ (ಎಂಜಿನ್ ತಲೆಯ ಮುಚ್ಚಳದ ಸೀಲ್) ಅಥವಾ ಆ ಬಾವಿಯ ಸೀಲ್ ಗಟ್ಟಿಯಾಗಿ ಸೋರುತ್ತಿದೆ ಅಂತ ಅರ್ಥ. ವಯಸ್ಸಾದ ಗಾಡಿಯಲ್ಲಿ ಮಾಮೂಲು. ಪ್ಲಗ್ ಬಿಚ್ಚುವ ಮೊದಲು ಬಟ್ಟೆ ಸುತ್ತಿದ ಕಡ್ಡಿಯಿಂದ ಎಣ್ಣೆ ಪೂರ್ತಿ ಹೀರಿ ತೆಗೆಯಿರಿ.

ಆದರೆ ಇದರಿಂದ ನಿಮ್ಮ ಲೆಕ್ಕ ಬದಲಾಗುತ್ತದೆ. ಎಣ್ಣೆಯಲ್ಲಿ ನೆನೆದ ರಬ್ಬರ್ ಊದಿಕೊಂಡು ಹಾಳಾಗುತ್ತದೆ, ಕಿಡಿ ಪಕ್ಕಕ್ಕೆ ಹಾರುತ್ತದೆ. ಸೋರಿಕೆ ನಿಲ್ಲಿಸದೆ ಹೊಸ ಪ್ಲಗ್ ಹಾಕಿದರೆ ಮತ್ತೆ ಅದೇ ಕಥೆ. ವಾಲ್ವ್ ಕವರ್ ಗ್ಯಾಸ್ಕೆಟ್ ಮನೆಯಲ್ಲಿ ಮೊದಲ ಸಲ ಮಾಡುವ ಕೆಲಸ ಅಂತ ನಾನು ಹೇಳುವುದಿಲ್ಲ. ಅದನ್ನು ಗ್ಯಾರೇಜ್‌ಗೆ ಕೊಡುವುದಾದರೆ ಕಾಯಿಲ್ ಹೇಗೂ ಆಚೆ ಬರುತ್ತವೆ, ಪ್ಲಗ್ ಅವರ ಕೈಲೇ ಹಾಕಿಸಿ, ಅದಕ್ಕೆ ಪ್ರತ್ಯೇಕ ಲೇಬರ್ ಕೊಡಬೇಡಿ.

ಗ್ರೀಸ್‌ಕೈ:

ಈ ಮಾತು ಒಪ್ಪಿದೆ. ಆದರೂ ಉಳಿದ ಕಾಯಿಲ್‌ಗಳನ್ನೂ ಎತ್ತಿ ನೋಡಿ, ಒಂದೇ ಬಾವಿಯಲ್ಲಿ ಎಣ್ಣೆಯಾ, ಎಲ್ಲದರಲ್ಲೂ ಇದೆಯಾ ಅಂತ. ಫೋಟೋ ತೆಗೆದು ಇಟ್ಟುಕೊಳ್ಳಿ, ಎಸ್ಟಿಮೇಟ್ ಮಾತಾಡುವಾಗ ಬೇಕಾಗುತ್ತದೆ.

ಹಳೇ ಪ್ಲಗ್ ಕೈಗೆ ಬಂದ ಮೇಲೆ ಆರನ್ನೂ ಸಾಲಾಗಿ ಇಟ್ಟು ತುದಿ ನೋಡಿ. ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಥವಾ ಬರೀ ಹತ್ತಿರದ ಓಡಾಟ. ತುದಿಯೇ ಎಣ್ಣೆಯಲ್ಲಿ ಒದ್ದೆಯಾಗಿದ್ದರೆ ಮಾತ್ರ ಎಂಜಿನ್ ಒಳಗಿನ ಚಿಂತೆ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ವಿಪರೀತ ಬಿಸಿಯಾಗಿದೆ. ಬಿಳಿ ಪಿಂಗಾಣಿ ಲೋಹಕ್ಕೆ ಸೇರುವಲ್ಲಿ ಕಂದು ಉಂಗುರ ಕಾಣಬಹುದು, ಅದನ್ನು ತೋರಿಸಿ 'ನೋಡಿ ಸಾರ್, ಗ್ಯಾಸ್ ಲೀಕ್' ಅನ್ನುವವರು ಇದ್ದಾರೆ. ಅದು ಹೈ ವೋಲ್ಟೇಜಿನ ಸುತ್ತ ಎಣ್ಣೆಯ ಕಣ ಅಂಟಿ ಆಗುವ ಕಲೆ, ಲೀಕ್ ಅಲ್ಲ.

ಯಾವುದಾದರೂ ಕಾಯಿಲ್ ಮೇಲೆ ಅನುಮಾನ ಬಂದರೆ ಅದನ್ನು ಪಕ್ಕದ ಸಿಲಿಂಡರ್‌ಗೆ ಹಾಕಿ ಓಡಿಸಿ. ಸ್ಕ್ಯಾನರ್‌ನಲ್ಲಿ ಮೊದಲು ಪಿ0301 (ಒಂದನೇ ಸಿಲಿಂಡರ್ ಮಿಸ್‌ಫೈರ್) ಬರುತ್ತಿದ್ದದ್ದು ಪಿ0302 (ಎರಡನೆಯದು) ಆದರೆ ಕಾಯಿಲ್ಲೇ ಕಳ್ಳ. ಕೋಡ್ ಜಾಗ ಬಿಟ್ಟು ಕದಲದಿದ್ದರೆ ಬೇರೆ ಕಡೆ ಹುಡುಕಿ. ಚೆಕ್ ಎಂಜಿನ್ ಲೈಟ್ ಮಿಟುಕಿಸಲು ಶುರು ಮಾಡಿದರೆ ಮಾತ್ರ ಓಡಿಸುವುದು ನಿಲ್ಲಿಸಿ, ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಬಿಡುತ್ತದೆ.

ಆರು_ಸಿಲಿಂಡರ್:

ಉಳಿದ ಮೂರೂ ಎತ್ತಿ ನೋಡಿದೆ. ಎರಡನೆಯದರಲ್ಲೂ ಸ್ವಲ್ಪ ಎಣ್ಣೆ, ಮೂರು ನಾಲ್ಕು ಒಣಗಿವೆ. ಹಾಗಾದರೆ ಹೊರಗಿನ ಗ್ಯಾರೇಜ್‌ಗೇ ಗ್ಯಾಸ್ಕೆಟ್ ಮತ್ತು ಪ್ಲಗ್ ಎರಡೂ ಕೊಡುತ್ತೇನೆ. ಕಾಯಿಲ್ ಸದ್ಯಕ್ಕೆ ಬೇಡ, ರಬ್ಬರ್ ಊದಿದ್ದರೆ ಆ ಎರಡು ಮಾತ್ರ. ಕೊನೇ ಪ್ರಶ್ನೆ, ಪ್ಲಗ್ ಹಾಕಿದ ಮೇಲೆ ಕಂಪ್ಯೂಟರ್‌ನಲ್ಲಿ ಕೋಡಿಂಗ್ ಮಾಡಿಸಬೇಕು, ಅದು ಶೋರೂಮ್‌ನಲ್ಲಿ ಮಾತ್ರ ಆಗುತ್ತದೆ ಅಂದಿದ್ದರು. ನಿಜನಾ?

ಪಾನಾಪೆಟ್ಟಿಗೆ:

ಪ್ಲಗ್‌ಗೆ ಕೋಡಿಂಗ್ ಎಲ್ಲಿಂದ ಬಂತು! ಕೆಲವು ಗಾಡಿಗಳಲ್ಲಿ ಸರ್ವಿಸ್ ಮೆನುವಿನಲ್ಲಿ ಸ್ಪಾರ್ಕ್ ಪ್ಲಗ್‌ಗೆ ಕೌಂಟರ್ ಇರುತ್ತದೆ, ಅದನ್ನು ರಿಸೆಟ್ ಮಾಡಬೇಕು ಅಷ್ಟೇ. ಒಳ್ಳೆಯ ಸ್ಕ್ಯಾನರ್ ಇರುವ ಯಾವ ಗ್ಯಾರೇಜೂ ಮಾಡಿಕೊಡುತ್ತದೆ. ಗಾಡಿ ಬಿಡುವಾಗಲೇ ಕೇಳಿಬಿಡಿ.