ಬೆಣ್ಣೆಹಣ್ಣಿಗೆ ಬಂದ ಯೋಗ

"ಒಂದು ಹಣ್ಣಿಗೆ 180 ರೂಪಾಯಿ!" ಬೋಪಣ್ಣ ಕೊಡೆ ಕೊಡವಿ ಜಗಲಿ ಹತ್ತಿದ. ಹಿಂದೆಯೇ ಅವನ ನಾಯಿ ಟೈಗರ್ ಬಂದು ಮೈ ಕೊಡವಿತು.

"ಏನದು, ಚಿನ್ನದ ಕಿತ್ತಳೆಯಾ?" ಅಂದರು ಮಾಸ್ತರು.

"ಅವಕಾಡೊ. ಮೊಮ್ಮಗನಿಗೆ 7 ತಿಂಗಳಾಯ್ತಲ್ಲ, ಮಗ ಬೆಂಗಳೂರಿಂದಲೇ ಹೊತ್ತು ತಂದಿದ್ದಾನೆ. ನಾಲ್ಕು ಹಣ್ಣು. ಒಂದೊಂದಕ್ಕೂ ಬಿಳಿ ಬಲೆಯ ಬನಿಯನ್ ಬೇರೆ."

ಸೀತಕ್ಕ ಕಾಫಿ ಲೋಟ ಕೆಳಗಿಟ್ಟರು. "ಬೆಣ್ಣೆಹಣ್ಣನ್ನ ಸುಂಟಿಕೊಪ್ಪಕ್ಕೆ ಹೊತ್ತು ತಂದನಾ? ನಿನ್ನ ತೋಟದ ಗೇಟಿನ ಹತ್ತಿರವೇ ಮರ ಇದೆಯಲ್ಲೋ!"

"ನಾನೂ ಅದನ್ನೇ ಹೇಳಿದೆ ಅಕ್ಕ. 'ಅದು ಬಟರ್ ಫ್ರೂಟ್ ಅಪ್ಪಾ, ಇದು ಹಾಸ್ ತಳಿಯ ಅವಕಾಡೊ' ಅಂದ."

"ಆ ಮರದಿಂದ ಬಿದ್ದು ಕೈ ಮುರಿದುಕೊಂಡವನು ಅವನೇ ಅಲ್ವಾ?"

"ಅವನೇ."

"ಕೈಗೆ ಮಾತ್ರ ಪೆಟ್ಟಾಗಿದ್ದು ಅಂದ್ಕೊಂಡಿದ್ದೆ."

ಕಾಫಿ ಗಿಡಗಳ ನಡುವೆ ಯಾರ ಲೆಕ್ಕಕ್ಕೂ ಸಿಗದೆ ಬೆಳೆದ ಮರ ಅದು. ಮಳೆಗಾಲದ ರಾತ್ರಿ ದೊಪ್ ದೊಪ್ ಅಂತ ಹಣ್ಣು ಬೀಳುತ್ತೆ. ಬೆಳಿಗ್ಗೆ ನಾವು ಏಳುವಷ್ಟರಲ್ಲಿ ನಾಯಿ ಮುಗಿಸಿರುತ್ತೆ.

"ಹಾಗಾದ್ರೆ ಟೈಗರ್ ದಿನಕ್ಕೆ 500 ರೂಪಾಯಿಯ ತಿಂಡಿ ತಿಂತಾ ಇದೆ," ಬೋಪಣ್ಣ ಲೆಕ್ಕ ಹಾಕಿದ.

"ಅದರ ಮೈ ಹೊಳಪು ನೋಡು. ಆಮೇಲೆ ಕನ್ನಡಿ ನೋಡು."

ಮಾಸ್ತರು ಗಂಟಲು ಸರಿಮಾಡಿಕೊಂಡರು. "6 ತಿಂಗಳ ತನಕ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಎದೆಹಾಲಿನ ಜೊತೆ ರಾಗಿ ಸರಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ."

"ಅದೂ ತಂದಿದ್ದಾನೆ. ಡಬ್ಬದ ಮೇಲೆ ಒಬ್ಬಳು ಅಜ್ಜಿ ನಗ್ತಿದ್ದಾಳೆ."

"ಮನೇಲಿ ನಿನ್ನ ಹೆಂಡತಿ ಇರುವಾಗ ಡಬ್ಬದ ಅಜ್ಜಿ ಯಾಕೋ? ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ..."

"ಈ ಮಳೇಲಿ ಎಲ್ಲಿ ಒಣಗಿಸೋದು?"

"ಒಲೆ ಮೇಲಿನ ಅಟ್ಟ ಏನು ಸಿನಿಮಾ ನೋಡೋಕೆ ಹೋಗಿದೆಯಾ?"

ಬೋಪಣ್ಣ ಸೋಲಲಿಲ್ಲ. "ನಮ್ಮವ್ವ ಜೇನು ನೆಕ್ಕಿಸ್ತಿದ್ದರು. ಅದಕ್ಕೂ ಬೇಡ ಅಂತಾನೆ."

"ಅದು ಮಾತ್ರ ಅವನು ಹೇಳೋದು ಸರಿ. ವರ್ಷ ತುಂಬುವ ತನಕ ಜೇನು ಬೇಡ. ಬಾಟುಲಿಸಂ ಅಂತ ಕಾಯಿಲೆ ಬರಬಹುದು."

"ಕೊಡಗಿನ ಜೇನೂ?"

"ರೋಗಾಣು ನಿನ್ನ ಮನೆತನದ ಹೆಸರು ಕೇಳಿ ವಾಪಸ್ ಹೋಗಲ್ಲ. ಅದಿರಲಿ, ಮಗು ಆ ಅವಕಾಡೊ ತಿಂತಾ?"

"ಎಲ್ಲಿ? ಎರಡು ದಿನ ಕಲ್ಲು. ಮೂರನೇ ದಿನ ಒಳಗೆಲ್ಲ ಕಪ್ಪು." ಬೋಪಣ್ಣ ದನಿ ತಗ್ಗಿಸಿದ. "ನಿನ್ನೆ ಗೇಟಿನ ಮರದ್ದನ್ನೇ ಚಮಚದಲ್ಲಿ ಹಿಸುಕಿ ಕದ್ದು ತಿನ್ನಿಸಿದೆ. ಮೂಗು, ಗಲ್ಲ, ನನ್ನ ಅಂಗಿ, ಎಲ್ಲ ಹಸಿರು. ಅಷ್ಟರಲ್ಲಿ ಮಗ ಬಂದ. 'ನೋಡಿದ್ರಾ ಅಪ್ಪಾ, ಅವಕಾಡೊ ಎಷ್ಟು ಇಷ್ಟ ಅವನಿಗೆ' ಅಂದ."

"ನೀನೇನಂದೆ?"

"ಹೌದು ಅಂದೆ."

ಸೀತಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. "ಹೊರಡೋದು ಯಾವಾಗ ಅವರು? ಒಂದು ಚೀಲ ಹಣ್ಣು ಕಟ್ಟಿಕೊಡು."

"ಭಾನುವಾರ. ಕಾರಲ್ಲಿ ಜಾಗ ಇಲ್ವಂತೆ. ಮಗುವಿನ ಸಾಮಾನೇ ಅಷ್ಟಿದೆ."

ಯಾರೂ ಮಾತಾಡಲಿಲ್ಲ. ತೋಟದ ಕಡೆ ದೊಪ್ ಅಂತ ಸದ್ದಾಯಿತು. ಟೈಗರ್ ಕಿವಿ ನಿಮಿರಿಸಿ ಎದ್ದಿತು.

"ಕೂತ್ಕೊಳೋ," ಬೋಪಣ್ಣ ಅದರ ಕತ್ತಿನ ಪಟ್ಟಿ ಹಿಡಿದ. "ಭಾನುವಾರದ ತನಕ ಅದು ನಿನ್ನದಲ್ಲ."